ಹೆಸರು ಬರೆಯುವ ಮೊದಲು: ಅಂತರ್ಜಾಲದ ಪತ್ತೇದಾರ ಗೆಳೆಯರಿಗೊಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯ ಗೆಳತಿಯರೇ,

ನಿಮ್ಮಲ್ಲಿ ಹೆಚ್ಚಿನವರ ನಿಜ ಹೆಸರು ನನಗೆ ಗೊತ್ತಿಲ್ಲ, ನನ್ನದು ನಿಮಗೂ ಗೊತ್ತಿಲ್ಲ. ಆದರೂ ಎಷ್ಟೋ ರಾತ್ರಿ ನಾವು ಒಂದೇ ಮಸುಕು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ್ದೇವೆ. ಒಂದೇ ಹಾಡಿನ ತುಣುಕನ್ನು ನೂರಾರು ಸಲ ಕೇಳಿ, ಎರಡನೇ ಸಾಲಿನಲ್ಲಿ ಅವನು ಹಾಡುವ ಪದ ಯಾವುದು ಎಂದು ಜಗಳವಾಡಿದ್ದೇವೆ. ಇಲ್ಲೊಬ್ಬರು ಕಣ್ಣುರಿ ತಾಳದೆ ಮಲಗಲು ಹೋಗುವ ಹೊತ್ತಿಗೆ ಭೂಮಿಯ ಆಚೆ ಮಗ್ಗುಲಲ್ಲಿ ಇನ್ನೊಬ್ಬರು ಎದ್ದು, ಬಿಟ್ಟಲ್ಲಿಂದ ಎಳೆ ಹಿಡಿದುಕೊಳ್ಳುತ್ತಾರೆ. ಸಂಬಳವಿಲ್ಲ, ಮಾಡು ಎಂದವರಿಲ್ಲ. ಆದರೂ ಜನ ಇಷ್ಟು ಶ್ರದ್ಧೆಯಿಂದ ದುಡಿಯುವುದು ನನಗೆ ಇವತ್ತಿಗೂ ದೊಡ್ಡ ಸಂಗತಿ. ಹಾಗಾಗಿ ಈ ಪತ್ರವನ್ನು ದೂರ ನಿಂತು ಬರೆಯುತ್ತಿಲ್ಲ, ನಿಮ್ಮ ನಡುವೆ ಕೂತೇ ಬರೆಯುತ್ತಿದ್ದೇನೆ.

ಬರೆಯಲು ಕಾರಣ ಒಂದು ಸ್ಕ್ರೀನ್‌ಶಾಟ್. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಮ್ಮ ಒಳ್ಳೆಯ ಕೆಲಸದ ಮಾತಾಡೋಣ. ಅದನ್ನು ಬಿಟ್ಟು ಬರೀ ತಪ್ಪು ಎಣಿಸುತ್ತಾ ಕೂತರೆ ನಿಮಗೂ ಅನ್ಯಾಯ, ನಿಜಕ್ಕೂ ಅನ್ಯಾಯ.

1984ರ ಸುಮಾರಿಗೆ ಜರ್ಮನಿಯ ಒಬ್ಬ ಹುಡುಗ ಎನ್‌ಡಿಆರ್ ರೇಡಿಯೋದಲ್ಲಿ ಬರುವ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿಕೊಳ್ಳುತ್ತಿದ್ದ. ನಡುವೆ ನಿರೂಪಕರ ಮಾತು ಸೇರಬಾರದೆಂದು ಅದನ್ನು ಬಿಟ್ಟು ಹಾಡನ್ನಷ್ಟೇ ಹಿಡಿಯುತ್ತಿದ್ದ. ಹಾಗೆ ಬಿಟ್ಟ ಮಾತಿನ ಜೊತೆ ಒಂದು ಹಾಡಿನ ಹೆಸರೂ ಹೋಯಿತು. 2007ರಲ್ಲಿ ಅವನ ಸಹೋದರಿ ಅದನ್ನು ಅಂತರ್ಜಾಲಕ್ಕೆ ಹಾಕಿ, ಇದು ಯಾರ ಹಾಡು ಎಂದು ಕೇಳಿದರು. ಉತ್ತರ ಬರಲಿಲ್ಲ. 2019ರಲ್ಲಿ ಬ್ರೆಜಿಲಿನ ಒಬ್ಬ ಹುಡುಗ ಅದನ್ನು ಮತ್ತೆ ಎತ್ತಿಕೊಂಡ ಮೇಲೆ ಸಾವಿರಾರು ಜನ ಬೆನ್ನುಹತ್ತಿದರು. ಟೇಪ್ ರೆಕಾರ್ಡರ್ ಯಾವ ವರ್ಷ ತಯಾರಾದದ್ದು ಎಂದು ನೋಡಿದರು. ಹಾಡಿನಲ್ಲಿ ಕೇಳುವ ಸಿಂಥಸೈಜರ್ ಯಾವುದಿರಬಹುದು ಎಂದು ಕಿವಿಗೊಟ್ಟರು. ಧ್ವನಿಯನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ಹರಡಿ ನೋಡಿದಾಗ 10 ಕಿಲೋಹರ್ಟ್ಸ್‌ನ ಹತ್ತಿರ ಕೂದಲೆಳೆಯಂಥ ಒಂದು ಗೆರೆ ಕಂಡಿತು. ಅದೇ ಗೆರೆ ಎನ್‌ಡಿಆರ್‌ನಿಂದ ಹಿಡಿದ ಬೇರೆ ಹಾಡುಗಳಲ್ಲೂ ಇತ್ತು. ಅಂದರೆ ಇದು ಆ ರೇಡಿಯೋದಲ್ಲೇ ಬಂದ ಹಾಡು. ಕಿವಿಗೆ ಕೇಳದ ಒಂದು ಗೆರೆ ಸಾಕ್ಷಿ ಹೇಳಿತು!

ಕೊನೆಗೆ 2024ರ ನವೆಂಬರ್‌ನಲ್ಲಿ ಉತ್ತರ ಸಿಕ್ಕಿತು. ಹುಡುಕುವವರಲ್ಲೊಬ್ಬರು ಹಳೆಯ ಸ್ಥಳೀಯ ಪತ್ರಿಕೆಗಳನ್ನು ತಡಕುತ್ತಾ ಕೀಲ್ ನಗರದ ಎಫ್‌ಇಎಕ್ಸ್ ಎಂಬ ಸಣ್ಣ ತಂಡದ ಸುದ್ದಿ ಕಂಡು, ಅದರ ಸದಸ್ಯರನ್ನು ಸಂಪರ್ಕಿಸಿದರು. ಹಾಡಿನ ಹೆಸರು ‘ಸಬ್‌ವೇಸ್ ಆಫ್ ಯುವರ್ ಮೈಂಡ್’. 40 ವರ್ಷದ ಹಿಂದೆ ಅದನ್ನು ನುಡಿಸಿದವರಿಗೆ, ಪ್ರಪಂಚ ತಮ್ಮನ್ನು ಹುಡುಕುತ್ತಿದೆ ಎಂಬುದೇ ಗೊತ್ತಿರಲಿಲ್ಲ. ಆ ಸುದ್ದಿ ಓದಿದ ದಿನ ನನ್ನ ಕಣ್ಣು ಒದ್ದೆಯಾಗಿತ್ತು.

ಈ ಹುಡುಕಾಟದಲ್ಲಿ ನಾವೆಷ್ಟು ಸಲ ತಪ್ಪು ಹೇಳಿದೆವು, ನೆನಪಿದೆಯಾ? ಆ ಬ್ಯಾಂಡ್, ಈ ಬ್ಯಾಂಡ್, ಆಸ್ಟ್ರಿಯಾದವರು, ಪೂರ್ವ ಯುರೋಪಿನವರು. ಪಟ್ಟಿ ಬೆಳೆಯುತ್ತಲೇ ಇತ್ತು. ಯಾರನ್ನೋ ಕೇಳುವುದು, ಅವರು “ನಾವಲ್ಲ” ಅನ್ನುವುದು, ಆ ಸಾಲನ್ನು ಹೊಡೆದುಹಾಕಿ ಮುಂದಿನದಕ್ಕೆ ಹೋಗುವುದು. ತಪ್ಪಾಗಿ ಊಹಿಸಿದರೆ ಯಾರ ಮನೆಯೂ ಮುರಿಯುತ್ತಿರಲಿಲ್ಲ. ಈ ಮಾತನ್ನು ಒಂದು ಕಡೆ ಇಟ್ಟುಕೊಂಡಿರಿ.

ಇನ್ನೊಂದು ಕಥೆ ಇದಕ್ಕಿಂತ ಹಳೆಯದು. ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಹರ್ಕ್ಯುಲೇನಿಯಮ್ ಎಂಬ ಊರಿನ ಒಂದು ದೊಡ್ಡ ಮನೆಯ ಪುಸ್ತಕ ಸಂಗ್ರಹ ಇದ್ದಿಲಾಯಿತು. ಪ್ಯಾಪಿರಸ್ ಸುರುಳಿಗಳು ಉಳಿದಿವೆ, ಆದರೆ ಬಿಚ್ಚಲು ಹೋದರೆ ಪುಡಿಪುಡಿ. ಕ್ಷ-ಕಿರಣದಲ್ಲಿ ಒಳಗನ್ನು ನೋಡೋಣವೆಂದರೆ ಬರೆದ ಮಸಿಯೂ ಇಂಗಾಲ, ಸುಟ್ಟ ಹಾಳೆಯೂ ಇಂಗಾಲ. ಕಪ್ಪಿನ ಮೇಲೆ ಕಪ್ಪು. 2023ರ ಮಾರ್ಚ್‌ನಲ್ಲಿ ಬ್ರೆಂಟ್ ಸೀಲ್ಸ್ ಎಂಬ ಕಂಪ್ಯೂಟರ್ ವಿಜ್ಞಾನಿ ಮತ್ತು ಜೊತೆಗಾರರು ಆ ಸ್ಕ್ಯಾನ್‌ಗಳನ್ನು ಜಗತ್ತಿಗೇ ತೆರೆದಿಟ್ಟು ಬಹುಮಾನ ಘೋಷಿಸಿದರು. ವೆಸೂವಿಯಸ್ ಚಾಲೆಂಜ್ ಎಂದು ಅದಕ್ಕೆ ಹೆಸರು.

ಮೊದಲು ಬಾಗಿಲು ತೆರೆದದ್ದು ಯಂತ್ರವಲ್ಲ, ಕಣ್ಣು. ಕೇಸಿ ಹ್ಯಾಂಡ್ಮರ್ ಎಂಬವರು ಆ ಬೂದು ಚಿತ್ರಗಳ ಮುಂದೆ ಗಂಟೆಗಟ್ಟಲೆ ಕೂತು ಸುಮ್ಮನೆ ನೋಡಿದರು. ನೋಡುತ್ತಾ ನೋಡುತ್ತಾ, ಬಿಸಿಲಿಗೆ ಒಡೆದ ಕೆರೆಯಂಗಳದ ಕೆಸರಿನ ಹಾಗೆ ಅಲ್ಲಲ್ಲಿ ಬಿರುಕಿನ ಮೈ ಕಾಣಿಸಿತು. ಒಣಗಿದ ಮಸಿ ಒಡೆದ ಗುರುತು ಅದು. ಅದನ್ನವರು ಬಚ್ಚಿಟ್ಟುಕೊಳ್ಳಲಿಲ್ಲ, ಎಲ್ಲರಿಗೂ ತೋರಿಸಿದರು. ಲ್ಯೂಕ್ ಫ್ಯಾರಿಟರ್ ಎಂಬ 21 ವರ್ಷದ ವಿದ್ಯಾರ್ಥಿ ಅದೇ ಗುರುತನ್ನು ಹುಡುಕಲು ಕಂಪ್ಯೂಟರಿಗೆ ಕಲಿಸಿದ. ಸುಮಾರು 2000 ವರ್ಷ ಮುಚ್ಚಿಕೊಂಡಿದ್ದ ಸುರುಳಿಯಿಂದ ಒಂದು ಗ್ರೀಕ್ ಪದ ಎದ್ದು ಬಂತು: ‘ಪೊರ್ಫಿರಾಸ್’, ಅಂದರೆ ನೇರಳೆ ಬಣ್ಣ. ಇನ್ನೊಂದೆಡೆ ಯೂಸೆಫ್ ನಾದರ್ ಬೇರೆ ದಾರಿಯಿಂದ ಹೊರಟು ಅದೇ ಜಾಗದಲ್ಲಿ ಅದೇ ಅಕ್ಷರಗಳನ್ನು ಕಂಡಿದ್ದರು. ಒಬ್ಬರ ಕಣ್ಣಿಗೆ ಇನ್ನೊಬ್ಬರು ಸಾಕ್ಷಿ. ಆಮೇಲೆ ಇಬ್ಬರೂ ಯೂಲಿಯನ್ ಶಿಲಿಗರ್ ಜೊತೆ ಸೇರಿ 2000ಕ್ಕೂ ಹೆಚ್ಚು ಅಕ್ಷರಗಳನ್ನು ಹೊರತೆಗೆದರು. 2024ರ ಫೆಬ್ರವರಿಯಲ್ಲಿ 7 ಲಕ್ಷ ಡಾಲರ್ ಬಹುಮಾನ ಅವರಿಗೆ ಬಂತು.

ಅಲ್ಲಿ ನನಗೆ ಬಹಳ ಹಿಡಿಸಿದ್ದು ನಡುನಡುವಿನ ಸಣ್ಣ ಬಹುಮಾನಗಳು. ಅರ್ಧ ದಾರಿ ಬಂದವರಿಗೂ ಬಹುಮಾನ ಕೊಟ್ಟು, ಅವರ ಕೆಲಸವನ್ನು ಉಳಿದ ಎಲ್ಲರ ಕೈಗೂ ಇಡುತ್ತಿದ್ದರು. ಹಾಗೆ ಮಾಡದಿದ್ದರೆ ಹ್ಯಾಂಡ್ಮರ್ ಕಂಡ ಬಿರುಕು ಅವರ ಕಂಪ್ಯೂಟರಿನಲ್ಲೇ ಉಳಿದುಬಿಡುತ್ತಿತ್ತೇನೋ.

ಈಗ ಆ ಸ್ಕ್ರೀನ್‌ಶಾಟ್.

ಅದು ಒಬ್ಬರು ಕಾಣೆಯಾದ ಪ್ರಕರಣ. ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಆ ಇನ್ನೊಬ್ಬನ ಹೆಸರು ಮತ್ತೆ ಹುಡುಕಾಟದಲ್ಲಿ ಮೇಲೆ ಬರುತ್ತದೆ. ಸಿಸಿಟಿವಿ ದೃಶ್ಯವೊಂದರಿಂದ ಯಾರೋ ಒಂದು ಚೌಕ ಕತ್ತರಿಸಿ, ಅದರಲ್ಲಿದ್ದ ಗಂಡಸಿನ ಸುತ್ತ ಕೆಂಪು ವೃತ್ತ ಎಳೆದಿದ್ದರು. ಪಕ್ಕದಲ್ಲಿ ಒಬ್ಬನ ಖಾತೆಯಿಂದ ತೆಗೆದ ಫೋಟೋ, ಅಂಥದ್ದೇ ಅಂಗಿ. ನಾನು ಎರಡನ್ನೂ ಅಕ್ಕಪಕ್ಕ ಇಟ್ಟು ತೋಳಿನ ಪಟ್ಟಿ ಎಣಿಸಿದೆ. ಬಿಳಿ, ನೀಲಿ, ಬಿಳಿ, ನೀಲಿ, ಬಿಳಿ. ಇಲ್ಲೂ ಐದು, ಅಲ್ಲೂ ಐದು. ರಾತ್ರಿ ಎರಡೂವರೆ ಗಂಟೆಗೆ ಅದರ ಕೆಳಗೆ “ಪಟ್ಟಿ ಹೊಂದುತ್ತದೆ” ಎಂದು ಬರೆದೆ. ಎರಡೇ ಪದ. ಬರೆದು ಮಲಗಿದೆ.

ಬೆಳಗ್ಗೆ ಏಳುವಷ್ಟರಲ್ಲಿ ಆ ಸ್ಕ್ರೀನ್‌ಶಾಟ್ ನೂರಾರು ಕಡೆ ಓಡಾಡುತ್ತಿತ್ತು, ಅದರ ಮೇಲೆ ಹೊಸದೊಂದು ಸಾಲು ಸೇರಿತ್ತು: “ಮೂವರು ಬೇರೆಬೇರೆಯಾಗಿ ಪರಿಶೀಲಿಸಿ ಖಚಿತಪಡಿಸಿದ್ದಾರೆ.” ಆ ಮೂವರಲ್ಲಿ ನಾನೊಬ್ಬ. ನಾನು ಪರಿಶೀಲಿಸಿದ್ದು ಒಂದು ತೋಳು. ಖಚಿತಪಡಿಸಿದ್ದು ಏನೂ ಇಲ್ಲ. ಅದೇ ಅಂಗಿ ಅಂಗಡಿಯಲ್ಲಿ ಎಷ್ಟು ಸಾವಿರ ಮಾರಾಟವಾಗಿದೆ ಎಂಬ ಪ್ರಶ್ನೆ ಆ ರಾತ್ರಿ ನನಗೆ ಹೊಳೆಯಲೇ ಇಲ್ಲ. ಎರಡು ದಿನದ ಮೇಲೆ, ಘಟನೆಯ ದಿನ ಆತ ಆ ಊರಿನಲ್ಲೇ ಇರಲಿಲ್ಲ ಎಂದು ಗೊತ್ತಾಯಿತು. ಅಷ್ಟರಲ್ಲಿ ಅವನ ಖಾತೆ ಮುಚ್ಚಿಹೋಗಿತ್ತು, ಅವನ ತಾಯಿಯ ಫೋಟೋ ಕೆಳಗೆ ಜನ ಬರೆಯಬಾರದ್ದನ್ನೆಲ್ಲ ಬರೆದಿದ್ದರು. ನನ್ನ ಎರಡು ಪದ ಅಳಿಸಿದೆ. ಬೇರೆಯವರು ಉಳಿಸಿಕೊಂಡ ಪ್ರತಿಗಳಲ್ಲಿ ಅವು ಈಗಲೂ ಇವೆ.

ಅವನಿಗೆ ಕ್ಷಮೆ ಕೇಳಿ ಬರೆಯಬೇಕೆಂದಿದ್ದೆ. ಎಲ್ಲಿಗೆ ಬರೆಯುವುದು?

2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬ್ ಸಿಡಿದ ಮೇಲೆ ಏನಾಯಿತೆಂದು ನಿಮ್ಮಲ್ಲಿ ಹಳಬರಿಗೆ ಗೊತ್ತು. ರೆಡಿಟ್ ಎಂಬ ಚರ್ಚಾತಾಣದಲ್ಲಿ ಸಾವಿರಾರು ಜನ ಗುಂಪಿನ ಫೋಟೋಗಳನ್ನು ಜಾಲಾಡಿ, ಬೆನ್ನಿಗೆ ಚೀಲ ಹಾಕಿದವರಿಗೆಲ್ಲ ವೃತ್ತ ಎಳೆದರು. ಕೊನೆಗೆ, ಒಂದು ತಿಂಗಳಿಂದ ಕಾಣೆಯಾಗಿದ್ದ ವಿದ್ಯಾರ್ಥಿಯೊಬ್ಬನ ಹೆಸರು ಅವರ ಕೈಗೆ ಸಿಕ್ಕಿತು. ಅವನ ಮನೆಯವರು ಅವನನ್ನು ಹುಡುಕಲೆಂದು ತೆರೆದಿದ್ದ ಪುಟಕ್ಕೇ ಹೋಗಿ ಜನ ಬೈಗುಳ ಸುರಿದರು. ಆ ಹುಡುಗನಿಗೂ ಬಾಂಬಿಗೂ ಯಾವ ಸಂಬಂಧವೂ ಇರಲಿಲ್ಲ. ಏಪ್ರಿಲ್ 23ರಂದು ನದಿಯಲ್ಲಿ ಅವನ ಶವ ಸಿಕ್ಕಿತು. ಅದಕ್ಕೂ ಒಂದು ದಿನ ಮೊದಲು ರೆಡಿಟ್‌ನವರು ಬಹಿರಂಗವಾಗಿ ಕ್ಷಮೆ ಕೇಳಿದ್ದರು. ಎಫ್‌ಬಿಐ ನಿಜವಾದ ಶಂಕಿತರ ಚಿತ್ರಗಳನ್ನು ಆಗಲೇ ಬಿಡುಗಡೆ ಮಾಡಿದ್ದಕ್ಕೆ, ತಪ್ಪಾಗಿ ಗುರಿಯಾಗುತ್ತಿದ್ದವರನ್ನು ಕಾಪಾಡುವುದೂ ಒಂದು ಕಾರಣ ಎಂದು ವರದಿಗಳು ಬಂದವು. ಅಂದರೆ ತನಿಖೆಗೆ ನೆರವಾಗಲು ಹೊರಟ ಜನರಿಂದಲೇ ಬೇರೆ ಜನರನ್ನು ಕಾಪಾಡಬೇಕಾಯಿತು.

ಆ ಚರ್ಚೆಯಲ್ಲಿ ಬರೆದವರು ಕೆಟ್ಟವರಾಗಿದ್ದರು ಎಂದು ನಾನು ನಂಬುವುದಿಲ್ಲ. ಅವರೂ ನನ್ನಂತೆ ಒಂದೊಂದು ತೋಳು ನೋಡಿದವರು. ಹನಿಹನಿ ಕೂಡಿದರೆ ಹಳ್ಳ ಅನ್ನುತ್ತೇವಲ್ಲ, ಹಾಡು ಹುಡುಕುವಾಗ ನಮ್ಮ ಬಲವೇ ಅದು. ಆದರೆ ಒಬ್ಬೊಬ್ಬರ ಸಣ್ಣ “ಇರಬಹುದು” ಕೂಡಿ ಕೂಡಿ, ಯಾರೂ ಹೇಳದ ಒಂದು “ಹೌದು” ಹುಟ್ಟಿಬಿಡುತ್ತದೆ. ಅದಕ್ಕೆ ಯಾರೂ ಹೊಣೆಗಾರರಲ್ಲ.

ನಾನು ಇದನ್ನು ಬಹಳ ದಿನ ಯೋಚಿಸಿದ್ದೇನೆ. ಗೂಢಲಿಪಿಯನ್ನೇ ತೆಗೆದುಕೊಳ್ಳಿ. ತಪ್ಪು ಕೀಲಿ ಹಾಕಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ, ಅಲ್ಲಿಗೆ ಮುಗಿಯಿತು. ಉತ್ತರ ತನ್ನನ್ನು ತಾನೇ ಒರೆಗೆ ಹಚ್ಚಿಕೊಳ್ಳುತ್ತದೆ. ಮನುಷ್ಯನ ಮುಖಕ್ಕೆ ಅಂಥ ಒರೆಗಲ್ಲಿಲ್ಲ. ತಪ್ಪು ಮನುಷ್ಯನನ್ನು ಹಿಡಿದು ನೋಡಿ, ಅವನು ಸುಮ್ಮನಿದ್ದರೆ “ನೋಡಿ, ಬಾಯಿ ಬಿಡುತ್ತಿಲ್ಲ”, ಸಿಟ್ಟಾದರೆ “ಯಾಕಿಷ್ಟು ಸಿಟ್ಟು”, ಖಾತೆ ಮುಚ್ಚಿದರೆ “ಓಡಿಹೋದ”. ಅವನು ಏನು ಮಾಡಿದರೂ ಊಹೆ ಬಲಿಯುತ್ತದೆಯೇ ಹೊರತು ಬೀಳುವುದಿಲ್ಲ.

ಜೋಡಿಯಾಕ್ ಎಂದು ತನ್ನನ್ನು ಕರೆದುಕೊಂಡ ಅಮೆರಿಕದ ಸರಣಿ ಕೊಲೆಗಾರ 1969ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಗೆ ಕಳಿಸಿದ 340 ಚಿಹ್ನೆಗಳ ಲಿಪಿ 51 ವರ್ಷ ಯಾರಿಗೂ ಬಗ್ಗಲಿಲ್ಲ. 2020ರ ಡಿಸೆಂಬರ್‌ನಲ್ಲಿ ಅದನ್ನು ಬಿಡಿಸಿದ್ದು ಅಮೆರಿಕದ ಡೇವಿಡ್ ಒರಾನ್‌ಚಾಕ್, ಆಸ್ಟ್ರೇಲಿಯಾದ ಸ್ಯಾಮ್ ಬ್ಲೇಕ್, ಬೆಲ್ಜಿಯಮ್ಮಿನ ಯಾರ್ಲ್ ಫಾನ್ ಐಕೆ. ಅಕ್ಷರಗಳನ್ನು ಯಾವ ದಿಕ್ಕಿನಲ್ಲಿ ಓದಿರಬಹುದು ಎಂಬುದಕ್ಕೆ ಬ್ಲೇಕ್ ಸುಮಾರು 6.5 ಲಕ್ಷ ಸಾಧ್ಯತೆಗಳನ್ನು ತಯಾರಿಸಿದರು. ಅವನ್ನೆಲ್ಲ ಫಾನ್ ಐಕೆ ಬರೆದ ತಂತ್ರಾಂಶಕ್ಕೆ ಕೊಟ್ಟಾಗ ಕಸದ ರಾಶಿಯ ನಡುವೆ ಒಂದೇ ಒಂದು ಫಲಿತಾಂಶದಲ್ಲಿ ಎರಡು ಮೂರು ತುಣುಕು ಮಾತು ಕಂಡವು. ಒಂದು “ನನ್ನನ್ನು ಹಿಡಿಯಲು”, ಇನ್ನೊಂದು “ಗ್ಯಾಸ್ ಚೇಂಬರ್”. 1969ರ ಅಕ್ಟೋಬರ್‌ನಲ್ಲಿ ಟಿವಿ ಕಾರ್ಯಕ್ರಮವೊಂದಕ್ಕೆ ಫೋನ್ ಮಾಡಿ, ನಾನೇ ಜೋಡಿಯಾಕ್ ಎಂದು ಹೇಳಿಕೊಂಡವನು ಗ್ಯಾಸ್ ಚೇಂಬರಿನ ಭಯದ ಬಗ್ಗೆ ಮಾತಾಡಿದ್ದ. ಒರಾನ್‌ಚಾಕ್‌ಗೆ ಅದು ತಟ್ಟನೆ ನೆನಪಾಯಿತು. ಚಿಹ್ನೆಗಳನ್ನು ಓರೆಯಾಗಿ, ಚದುರಂಗದ ಕುದುರೆ ಜಿಗಿದಂತೆ, ಜಿಗಿಸಿ ಜಿಗಿಸಿ ಜೋಡಿಸಲಾಗಿತ್ತು.

ಉತ್ತರ ಕೈಗೆ ಬಂದಾಗ ಅವರು ಮೊದಲು ತಿಳಿಸಿದ್ದು ಎಫ್‌ಬಿಐಗೆ. ಲೋಕಕ್ಕೆ ಹೇಳಿದ್ದು ಆಮೇಲೆ. ಆ ಸಂದೇಶದಲ್ಲಿ ಕೊಲೆಗಾರನ ಹೆಸರಿರಲಿಲ್ಲ. ಇವರೂ ಯಾರ ಹೆಸರನ್ನೂ ತಂದು ಅಂಟಿಸಲಿಲ್ಲ. ಲಿಪಿ ಎಷ್ಟು ಹೇಳಿತೋ ಅಷ್ಟನ್ನೇ ಹೇಳಿ ನಿಲ್ಲಿಸಿದರು. 51 ವರ್ಷದ ಬಾಗಿಲು ತೆರೆದವರು ಹಾಗೆ ನಿಲ್ಲಲು ಎಂಥ ಸಂಯಮ ಬೇಕು! ನಮ್ಮಲ್ಲಿ ಎಷ್ಟು ಜನ ನಿಲ್ಲುತ್ತಿದ್ದೆವು?

ಟಾಡ್ ಮ್ಯಾಥ್ಯೂಸ್ ಅವರನ್ನೂ ನೆನೆಯಬೇಕು. ಕೆಂಟಕಿಯಲ್ಲಿ 1968ರಲ್ಲಿ ಕ್ಯಾನ್ವಾಸ್ ಬಟ್ಟೆಯಲ್ಲಿ ಸುತ್ತಿದ ಯುವತಿಯೊಬ್ಬಳ ಶವ ಸಿಕ್ಕಿತ್ತು. ಗುರುತು ಸಿಗದೆ ಮಣ್ಣು ಮಾಡಿದ್ದರು. ಟೆನೆಸ್ಸಿಯಲ್ಲಿ ಕಾರ್ಖಾನೆ ಕೆಲಸ ಮಾಡುತ್ತಿದ್ದ ಮ್ಯಾಥ್ಯೂಸ್ ವರ್ಷಗಟ್ಟಲೆ ಅದನ್ನೇ ಬೆನ್ನುಹತ್ತಿ, ಅಂತರ್ಜಾಲ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ, ಒಂದು ರಾತ್ರಿ ಒಬ್ಬ ಹೆಂಗಸು ತನ್ನ ಕಾಣೆಯಾದ ಸಹೋದರಿಯನ್ನು ಹುಡುಕಿ ಹಾಕಿದ್ದ ಸಾಲುಗಳನ್ನು ಕಂಡರು. ವಿವರ ಹೊಂದುತ್ತಿತ್ತು. ಅವರು “ಪಟ್ಟಿ ಹೊಂದುತ್ತದೆ” ಎಂದು ಊರಿಗೆಲ್ಲ ಕೂಗಲಿಲ್ಲ. ಆ ಮನೆಯವರಿಗೆ ಬರೆದರು, ಅಧಿಕಾರಿಗಳಿಗೆ ತಿಳಿಸಿದರು. ಗೋರಿ ತೆರೆದು ಡಿಎನ್‌ಎ ನೋಡಿ 1998ರಲ್ಲಿ ಅವಳೇ ಎಂದು ಖಚಿತವಾಯಿತು. 30 ವರ್ಷ ಹೆಸರಿಲ್ಲದೆ ಮಲಗಿದ್ದವಳಿಗೆ ಹೆಸರು ಬಂತು.

ಹಾಗಾದರೆ ಮನುಷ್ಯರ ಗುಟ್ಟನ್ನು ಮುಟ್ಟಲೇಬಾರದೆ? ಹಾಗೆ ನಾನು ಹೇಳುತ್ತಿಲ್ಲ. ಯುರೋಪಿನ ದೇಶಗಳ ಪೊಲೀಸ್ ಸಂಸ್ಥೆಯಾದ ಯುರೋಪೋಲ್ 2017ರಿಂದ ಒಂದು ಕೆಲಸ ನಡೆಸುತ್ತಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳಿಂದ ಮನುಷ್ಯರನ್ನು ಪೂರ್ತಿ ತೆಗೆದುಹಾಕಿ, ಹಿನ್ನೆಲೆಯ ಒಂದು ವಸ್ತುವನ್ನು ಮಾತ್ರ ಜನರಿಗೆ ತೋರಿಸುತ್ತಾರೆ. ಒಂದು ಚೀಲ, ಶಾಂಪೂ ಬಾಟಲಿಯ ಚೀಟಿ, ಗೋಡೆಯ ಒಂದು ಮೂಲೆ. ಇದು ಯಾವ ದೇಶದ್ದು, ಎಲ್ಲಿ ಮಾರುತ್ತಾರೆ ಎಂಬಷ್ಟೇ ಪ್ರಶ್ನೆ. ಉತ್ತರ ನೇರ ಅವರಿಗೆ ಹೋಗುತ್ತದೆ. ಹೀಗೆ ಜನ ಕೊಟ್ಟ ಸುಳಿವುಗಳಿಂದ ಮಕ್ಕಳ ಗುರುತು ಪತ್ತೆಯಾಗಿದೆ. ನಮ್ಮ ಕಣ್ಣಿನ ಚುರುಕನ್ನು ಇದಕ್ಕಿಂತ ಚೆನ್ನಾಗಿ ಬಳಸುವುದು ಹೇಗೆಂದು ನನಗೆ ತಿಳಿಯದು. ಪಟ್ಟಿ ಅಂಗಿ ಯಾರು ತಯಾರಿಸಿದ್ದು, ಎಲ್ಲಿ ಮಾರಿದ್ದು ಎಂದು ನಾನು ಆ ರಾತ್ರಿ ಹುಡುಕಿದ್ದರೆ ಅದು ನಿಜವಾದ ಕೆಲಸವಾಗುತ್ತಿತ್ತು.

ಪೊಲೀಸ್ ಇಲಾಖೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮಲ್ಲೂ ಒಂದು ಬಿನ್ನಹ. ಜನ ಸುಳಿವು ಕಳಿಸಿದಾಗ “ತಲುಪಿತು” ಎಂದು ಒಂದು ಸಾಲು ಬರೆಯಿರಿ. ತನಿಖೆಯ ವಿವರ ಕೊಡಬೇಕಿಲ್ಲ. ಕಳಿಸಿದ್ದು ಯಾರ ಮೇಜಿಗೂ ಹೋಗದೆ ಬಿದ್ದಿದೆ ಎನಿಸಿದಾಗಲೇ ಜನ ಅದನ್ನು ಬೀದಿಗೆ ತರುವುದು. ಗುರುತು ಸಿಗದ ಶವಗಳ ವಿವರವನ್ನು ಎಲ್ಲರೂ ನೋಡುವಂತೆ ತೆರೆದಿಡಿ. ಅಮೆರಿಕದಲ್ಲಿ ನ್ಯಾಮಸ್ ಎಂಬ ಸರ್ಕಾರಿ ವ್ಯವಸ್ಥೆಯಿದೆ, ಕಾಣೆಯಾದವರ ಮತ್ತು ಗುರುತು ಸಿಗದವರ ವಿವರಗಳನ್ನು ಯಾರು ಬೇಕಾದರೂ ಹೋಲಿಸಿ ನೋಡಬಹುದು.

ಚರ್ಚೆಗಳ ಉಸ್ತುವಾರಿ ನೋಡುವ ಮಾಡರೇಟರ್ ಗೆಳೆಯರೇ, ನಿಮ್ಮ ಮೇಲಿನ ಹೊರೆ ನನಗೆ ಗೊತ್ತು. ಆದರೂ ಕೇಳುತ್ತೇನೆ. ಬದುಕಿರುವ ಖಾಸಗಿ ವ್ಯಕ್ತಿಯ ಹೆಸರು, ಖಾತೆ, ಫೋಟೋ ಬಂದ ಕೂಡಲೇ ತೆಗೆಯಿರಿ, ವಾದಕ್ಕೆ ಕಾಯಬೇಡಿ. ಸುಳ್ಳೆಂದು ಗೊತ್ತಾದ ಊಹೆಯನ್ನು ಮಾತ್ರ ಹೆಸರು ಮರೆಸಿ, “ಇದಲ್ಲ, ಹೀಗಾಗಿ ಇದಲ್ಲ” ಎಂದು ಕಾಣುವಂತೆ ಇಡಿ. ಇಲ್ಲದಿದ್ದರೆ ಆರು ತಿಂಗಳಿಗೆ ಹೊಸಬರು ಬಂದು ಅದೇ ಹೆಸರನ್ನು ಮತ್ತೆ ಅಗೆದು ತೆಗೆಯುತ್ತಾರೆ. ಸಿಕ್ಕ ಉತ್ತರವನ್ನೂ ತಾಳ್ಮೆಯಿಂದ ಒರೆಗೆ ಹಚ್ಚಿ. ಪ್ರಸಿದ್ಧರ ಮುಖಗಳನ್ನು ಅಚ್ಚುಹಾಕಿದ್ದ ಒಂದು ಪರದೆ ಬಟ್ಟೆಯ ಮೇಲೆ ಗುರುತು ಸಿಗದೆ ಉಳಿದಿದ್ದ ಆರನೇ ಮುಖ ಯಾರದೆಂದು 2020ರಿಂದ ಹುಡುಕಿ, 2024ರಲ್ಲಿ ಮೂಲ ಫೋಟೋ ತಂದುಕೊಟ್ಟವರನ್ನೇ, ಇದು ಎಐ ಮಾಡಿದ ಚಿತ್ರ ಎಂದು ಕೆಲವರು ದೂರಿದರು. ಅವರು ನಿಜ ಹೇಳಿದ್ದರು.

ಕೊನೆಗೊಂದು ಪ್ರಕರಣ. 2001ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಮೋಟೆಲ್‌ನಲ್ಲಿ ಯುವಕನೊಬ್ಬ ಶವವಾಗಿ ಸಿಕ್ಕ. ಅಲ್ಲಿ ಬರೆಸಿದ್ದ ಹೆಸರು ಸುಳ್ಳು. ವರ್ಷಗಟ್ಟಲೆ ನಮ್ಮಂಥವರು ಅವನ ಮುಖದ ರೇಖಾಚಿತ್ರ ಬರೆದರು, ಕಾಣೆಯಾದವರ ಪಟ್ಟಿಗಳನ್ನು ತಿರುವಿದರು, ಡಿಎನ್‌ಎ ಪರೀಕ್ಷೆಗೆ ಹಣ ಕೂಡಿಸಿದರು. 2018ರಲ್ಲಿ ಡಿಎನ್‌ಎ ಡೋ ಪ್ರಾಜೆಕ್ಟ್ ಎಂಬ ಸ್ವಯಂಸೇವಕರ ತಂಡ ಅವನ ಮನೆಯವರನ್ನು ಪತ್ತೆಮಾಡಿತು. ಮನೆಯವರು ಒಂದೇ ಕೋರಿಕೆ ಇಟ್ಟರು: ಅವನ ಹೆಸರನ್ನು ಹೊರಗೆ ಹೇಳಬೇಡಿ. ತಂಡ ಹೇಳಲಿಲ್ಲ.

ಅಷ್ಟು ವರ್ಷ ಹುಡುಕಿದವರಿಗೆ ಸಿಕ್ಕಿದ್ದು ಇಷ್ಟೇ, ಅವನಿಗೆ ಮನೆಯಿತ್ತು, ಈಗ ಮನೆಯವರಿಗೆ ಗೊತ್ತಾಗಿದೆ. ನನಗೆ ಅದು ಸಾಕು ಎನಿಸುತ್ತದೆ. ನಿಮಗೂ ಸಾಕು ಎನಿಸಲಿ ಎಂದು ಕೇಳಲಿಕ್ಕೇ ಇಷ್ಟು ಬರೆದೆ.

ಇವತ್ತು ರಾತ್ರಿ ಮತ್ತೆ ಯಾರೋ ಒಂದು ಕೆಂಪು ವೃತ್ತ ಎಳೆದು ತರುತ್ತಾರೆ. ನಾನೂ ಆ ಹೊತ್ತಿಗೆ ಎದ್ದಿರುತ್ತೇನೆ. ಅದರ ಕೆಳಗೆ ಹೆಸರು ಬರೆಯುವ ಮನಸ್ಸಾದರೆ ದಯವಿಟ್ಟು ಅಲ್ಲಿ ಬರೆಯಬೇಡಿ. ತನಿಖೆ ಮಾಡುತ್ತಿರುವವರಿಗೆ ಬರೆದು ಕಳಿಸಿ. ಹೇಗೆ ಕಳಿಸಬೇಕೆಂದು ತಿಳಿಯದಿದ್ದರೆ ನನ್ನನ್ನು ಕೇಳಿ, ಜೊತೆಗೆ ಕೂತು ಬರೆಯೋಣ.

ಇಂತಿ,
ನಿಮ್ಮ ಜೊತೆಗೇ ಹುಡುಕುತ್ತಿರುವ ಒಬ್ಬ